ಕಾಲುವೆ ನಿಲ್ಲುವ ದಿನದಿಂದ ಹಿಂದಕ್ಕೆ ಎಣಿಸಿ

ಪ್ರಶ್ನೆ: ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ನಂಬಿರುವ ಒಂದು ಪುರಸಭೆಯಲ್ಲಿ ನಾನು ಕಿರಿಯ ಅಭಿಯಂತರೆ. ನೀರು ಸರಬರಾಜು ಶಾಖೆಗೆ ಬಂದು ನಾಲ್ಕು ತಿಂಗಳಾಯಿತು. ಊರಿನಲ್ಲಿ ಸುಮಾರು 40 ಸಾವಿರ ಜನ, 23 ವಾರ್ಡು. ಕಾಲುವೆ ನೀರು ತುಂಬಿಸಿಕೊಳ್ಳುವ 40 ಎಕರೆಯ ಒಂದು ಕೆರೆ ಮತ್ತು 18 ಕೊಳವೆಬಾವಿಗಳಿವೆ. ದಿನಕ್ಕೆ ಸುಮಾರು 40 ಲಕ್ಷ ಲೀಟರ್ ಕೊಡುತ್ತೇವೆ. ಅದರಲ್ಲಿ 30 ಲಕ್ಷ ಕೆರೆಯದು. ಮುಂದಿನ ಆರ್ಥಿಕ ವರ್ಷಕ್ಕೆ ಶಾಖೆಯ ಕ್ರಿಯಾ ಯೋಜನೆಯನ್ನು ಡಿಸೆಂಬರ್ ಕೊನೆಯೊಳಗೆ ಕೊಡಿ ಎಂದು ಮುಖ್ಯಾಧಿಕಾರಿಗಳು ಹೇಳಿದ್ದಾರೆ. ಕಚೇರಿಯಲ್ಲಿ ಕೇಳಿದರೆ, ‘ಹೋದ ವರ್ಷದ್ದನ್ನು ತೆಗೆದು ಶೇ. 10 ಸೇರಿಸಿ ಕೊಟ್ಟುಬಿಡಿ’ ಎನ್ನುತ್ತಾರೆ. ಸರಿಯಾಗಿ ಮಾಡುವುದಾದರೆ ಎಲ್ಲಿಂದ ಶುರು ಮಾಡಬೇಕು?

ಉತ್ತರ: ಶೇ. 10 ಸೇರಿಸಿ ಎಂದವರನ್ನು ಬೈಯಬೇಡಿ. ನಾನೂ ಮೊದಲ ಮೂರು ವರ್ಷ ಅದನ್ನೇ ಮಾಡಿದ್ದೆ. ಮೂರನೆಯ ವರ್ಷದ ಮೇ ತಿಂಗಳಲ್ಲಿ ಶುದ್ಧೀಕರಣ ಘಟಕದ ಪಂಪಿನ ಮೋಟಾರು ಸುಟ್ಟಿತು. ಕ್ರಿಯಾ ಯೋಜನೆ ತೆಗೆದು ನೋಡಿದರೆ ‘ಬದಲಿ ಮೋಟಾರು ಖರೀದಿ’ ಎಂದು ಸಾಲು ಇತ್ತು, ಎದುರಿಗೆ ಮೊತ್ತವೂ ಇತ್ತು. ಮೋಟಾರು ಮಾತ್ರ ಇರಲಿಲ್ಲ, ಏಕೆಂದರೆ ಟೆಂಡರನ್ನೇ ಕರೆದಿರಲಿಲ್ಲ. ರಿವೈಂಡಿಂಗ್ ಆಗಿ ಬರುವ ತನಕ ಹನ್ನೊಂದು ದಿನ ಊರು ಟ್ಯಾಂಕರ್ ಹಿಂದೆ ಓಡಿತು. ಆ ಹನ್ನೊಂದು ದಿನದಲ್ಲಿ ನಾನು ಕಲಿತದ್ದನ್ನು ನಿಮಗೆ ಹೇಳುತ್ತೇನೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. ‘ಕ್ರಿಯಾ ಯೋಜನೆ’ ಎಂಬ ಒಂದೇ ಹೆಸರಿನಲ್ಲಿ ಎರಡು ಕಾಗದಗಳು ಓಡಾಡುತ್ತವೆ. ಒಂದು, ಅನುದಾನವಾರು ಪಟ್ಟಿ: ಎಸ್‌ಎಫ್‌ಸಿಗೆ (ರಾಜ್ಯ ಹಣಕಾಸು ಆಯೋಗದ ಅನುದಾನ) ಇಷ್ಟು, ಕೇಂದ್ರ ಹಣಕಾಸು ಆಯೋಗಕ್ಕೆ ಇಷ್ಟು, ಪುರಸಭಾ ನಿಧಿಗೆ ಇಷ್ಟು. ಅದು ಸಾಮಾನ್ಯ ಸಭೆಯಲ್ಲಿ ಒಪ್ಪಿಗೆ ಪಡೆದು, ಜಿಲ್ಲಾ ನಗರಾಭಿವೃದ್ಧಿ ಕೋಶದ ಮೂಲಕ ಜಿಲ್ಲಾಧಿಕಾರಿಗಳ ಅನುಮೋದನೆಗೆ ಹೋಗುತ್ತದೆ. ಇನ್ನೊಂದು, ಶಾಖೆಯ ವರ್ಷದ ಕೆಲಸದ ಯೋಜನೆ: ಯಾವ ತಿಂಗಳು ಏನಾಗಬೇಕು, ಯಾರು ಮಾಡಬೇಕು, ಆಗದಿದ್ದರೆ ಏನು. ಮೊದಲನೆಯದನ್ನು ಎಲ್ಲರೂ ಕೇಳುತ್ತಾರೆ, ಎರಡನೆಯದನ್ನು ಯಾರೂ ಕೇಳುವುದಿಲ್ಲ. ನೀವು ಎರಡನೆಯದನ್ನು ಮೊದಲು ಬರೆಯಿರಿ. ಮೊದಲನೆಯದು ಅದರಿಂದ ತಾನಾಗಿ ಇಳಿದು ಬರುತ್ತದೆ. ತಿರುಗಿಸಿ ಮಾಡಿದರೆ ದುಡ್ಡಿಗೆ ತಕ್ಕ ಕೆಲಸ ಹುಡುಕುವ ಪಾಡಾಗುತ್ತದೆ.

ಇನ್ನು ವರ್ಷ ಎಲ್ಲಿಂದ ಶುರು ಎಂಬ ಪ್ರಶ್ನೆ. ಏಪ್ರಿಲ್ 1 ಲೆಕ್ಕಪತ್ರ ಶಾಖೆಯ ಯುಗಾದಿ. ನಿಮ್ಮ ಶಾಖೆಗೆ ಅದು ಬೇಸಿಗೆಯ ನಟ್ಟನಡು. ಹೊಸ ವರ್ಷದ ಅನುದಾನದ ಪಟ್ಟಿಗೆ ಅನುಮೋದನೆ ಸಿಕ್ಕು ಕಾರ್ಯಾದೇಶ ಹೊರಡುವ ಹೊತ್ತಿಗೆ ಮಳೆ ಬಂದು, ಕಾಲುವೆಗೆ ನೀರು ಬಿಟ್ಟು, ಜನ ಬೇಸಿಗೆಯನ್ನೇ ಮರೆತಿರುತ್ತಾರೆ. ಅಂದರೆ ಮುಂದಿನ ಆರ್ಥಿಕ ವರ್ಷದ ಏಪ್ರಿಲ್, ಮೇ, ಜೂನ್ ತಿಂಗಳುಗಳಿಗೆ ಬೇಕಾದ ಮೋಟಾರು, ಕೇಬಲ್, ಪೈಪು ಎಲ್ಲವನ್ನೂ ಈ ವರ್ಷದ ದುಡ್ಡಿನಲ್ಲಿ, ಫೆಬ್ರವರಿಯೊಳಗೆ ತಂದು ಗೋದಾಮಿಗೆ ಹಾಕಿಕೊಂಡಿರಬೇಕು. ಈ ಒಂದು ಮಾತನ್ನು ಮುಖ್ಯಾಧಿಕಾರಿಗಳಿಗೆ ಮನವರಿಕೆ ಮಾಡಿಕೊಟ್ಟರೆ ಅರ್ಧ ಯೋಜನೆ ಆದಂತೆ. ನಿಮ್ಮ ಕೆಲಸದ ವರ್ಷಕ್ಕೆ ಎರಡೇ ಹಬ್ಬ: ಕಾಲುವೆ ನಿಲ್ಲುವ ದಿನ ಮತ್ತು ಕಾಲುವೆಗೆ ನೀರು ಬಿಡುವ ದಿನ. ಮಿಕ್ಕದ್ದನ್ನೆಲ್ಲ ಅವುಗಳಿಂದ ಹಿಂದಕ್ಕೆ ಎಣಿಸಿ.

ಹಾಗಾಗಿ ಲೆಕ್ಕ ಕೆರೆಯಿಂದ ಶುರುವಾಗಲಿ. ಕಾಲುವೆ ಮಾರ್ಚ್ ಕೊನೆಗೆ ನಿಂತು ಜುಲೈ ನಡುವೆ ಮತ್ತೆ ಬಂತು ಎಂದು ಹಿಡಿಯೋಣ; 110 ದಿನ. ದಿನಕ್ಕೆ 30 ಲಕ್ಷ ಲೀಟರಿನಂತೆ 33 ಕೋಟಿ ಲೀಟರ್. ಇಷ್ಟು ನೀರು ಕೆರೆಯಲ್ಲಿದ್ದರೆ ಸಾಕೇ? ಸಾಲದು. ನಿಮ್ಮ ಭಾಗದ ಬಿಸಿಲಿಗೆ ಆ ನೂರು ಚಿಲ್ಲರೆ ದಿನಗಳಲ್ಲಿ ಮುಕ್ಕಾಲು ಮೀಟರಿನಷ್ಟು ನೀರು ಆವಿಯಾಗುತ್ತದೆ ಎಂದು ಧೈರ್ಯವಾಗಿ ಹಿಡಿಯಬಹುದು. 40 ಎಕರೆ ಎಂದರೆ ಸುಮಾರು 1.62 ಲಕ್ಷ ಚದರ ಮೀಟರ್. ಅದರ ಮೇಲಿನ ಮುಕ್ಕಾಲು ಮೀಟರ್ ನೀರು 12 ಕೋಟಿ ಲೀಟರ್. ಅಂದರೆ ಕೆರೆ ನಿಮ್ಮ ಊರಿಗೆ ಕೊಡುವ 40 ದಿನದ ನೀರನ್ನು ಸೂರ್ಯ ಕುಡಿಯುತ್ತಾನೆ, ಬಿಲ್ಲಿಲ್ಲದೆ. ಕಾಲುವೆ ನಿಲ್ಲುವ ದಿನ ಕೆರೆಯಲ್ಲಿ 45 ಕೋಟಿ ಲೀಟರ್ ಇರಬೇಕು. ಹೂಳಿನ ಮೇಲೆ ಸರಾಸರಿ 2.8 ಮೀಟರ್ ಆಳದ ನೀರು. ನಿಮ್ಮ ಕೆರೆಯ ಗೇಜ್ ಕಲ್ಲಿನಲ್ಲಿ (ನೀರಿನ ಮಟ್ಟದ ಅಂಕಿ ಬರೆದ ಕಲ್ಲು) ಇದು ಎಷ್ಟನೆಯ ಗುರುತು ಎಂದು ಹೋಗಿ ನೋಡಿಕೊಂಡು ಬನ್ನಿ. ಯೋಜನೆಯ ಮೊದಲ ಪುಟದಲ್ಲಿ ಇರಬೇಕಾದ ಅಂಕಿ ಅದೇ. ಕೆರೆ ಕಟ್ಟಿದಾಗಿನ ನಕ್ಷೆಯಲ್ಲಿ ಬರೆದ ಸಾಮರ್ಥ್ಯವನ್ನು ನಂಬಬೇಡಿ. ಕಟ್ಟಿದ ಮೇಲೆ ಪ್ರತಿ ವರ್ಷ ಕಾಲುವೆ ತನ್ನ ಕೆಂಪು ಮಣ್ಣನ್ನೂ ತಂದು ಸುರಿದಿದೆ.

ಈ ಅಂಕಿ ಸಿಕ್ಕ ಮೇಲೆ ಕೆಲಸಗಳು ತಾವಾಗಿ ಸಾಲು ನಿಲ್ಲುತ್ತವೆ. ಕಾಲುವೆಯ ಕೊನೆಯ ಸರದಿಯಲ್ಲಿ ಕೆರೆ ಆ ಗುರುತು ಮುಟ್ಟಬೇಕಾದರೆ ನಿಮ್ಮ ಜಾಕ್‌ವೆಲ್ (ಕಾಲುವೆ ನೀರನ್ನು ಎತ್ತುವ ಬಾವಿ) ಪಂಪುಗಳು ಎಷ್ಟು ಗಂಟೆ ಓಡಬೇಕು? ಎರಡೂ ಪಂಪು ಓಡುವ ಸ್ಥಿತಿಯಲ್ಲಿವೆಯೇ, ಒಂದು ಬರೀ ಹೆಸರಿಗೆ ನಿಂತಿದೆಯೇ? ಕಾಲುವೆಯಿಂದ ಜಾಕ್‌ವೆಲ್‌ಗೆ ಬರುವ ತೋಡಿನ ಜೊಂಡು ತೆಗೆಸಿದ್ದು ಯಾವಾಗ? ಏರಿಯ ಮೇಲಿನ ಜಾಲಿ ಬೇರು ಎಲ್ಲಿ ಜಿನುಗಿಸುತ್ತಿದೆ? ಇವೆಲ್ಲ ಜನವರಿಯೊಳಗೆ ಮುಗಿಯಬೇಕಾದ ಕೆಲಸಗಳು. ಹೂಳು ತೆಗೆಯುವುದಕ್ಕೆ ಮಾತ್ರ ವರ್ಷದಲ್ಲಿ ಒಂದೇ ಕಿಂಡಿ ಇದೆ: ಜೂನ್ ತಿಂಗಳು, ಕೆರೆಯ ಅಂಚು ಒಣಗಿ ಜೆಸಿಬಿ ಇಳಿಯಬಹುದಾದ ಮೂರು ನಾಲ್ಕು ವಾರ. ಆ ಟೆಂಡರಿನ ಕಾರ್ಯಾದೇಶ ಮೇ ಕೊನೆಗೆ ಗುತ್ತಿಗೆದಾರರ ಕೈಯಲ್ಲಿರಬೇಕು. ಆಗಸ್ಟಿನಲ್ಲಿ ಕಾರ್ಯಾದೇಶ ಕೊಟ್ಟು, ತುಂಬಿದ ಕೆರೆಯ ಮುಂದೆ ನಿಂತು ‘ಕಾಮಗಾರಿ ಪ್ರಗತಿಯಲ್ಲಿದೆ’ ಎಂದು ಬರೆದವರನ್ನು ನಾನು ಕಂಡಿದ್ದೇನೆ.

ಕಾಲುವೆ ಯಾವಾಗ ನಿಲ್ಲುತ್ತದೆ ಎನ್ನುವುದು ನಿಮ್ಮ ಕೈಯಲ್ಲಿಲ್ಲ. ಅದನ್ನು ತೀರ್ಮಾನಿಸುವುದು ತುಂಗಭದ್ರಾ ನೀರಾವರಿ ಸಲಹಾ ಸಮಿತಿ. ಎರಡನೇ ಬೆಳೆಗೆ ನೀರು ಉಂಟು ಎಂದಾದರೆ ಮಾರ್ಚ್ ತನಕ ನಿಶ್ಚಿಂತೆ. ಇಲ್ಲ ಎಂದಾದರೆ ಚಳಿಗಾಲದಲ್ಲೇ ಕಾಲುವೆ ಒಣಗುತ್ತದೆ, ಆಮೇಲೆ ಕುಡಿಯುವ ನೀರಿಗೆಂದು ಕೆಲವೇ ದಿನ ಬಿಡುತ್ತಾರೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಗಿತ್ತು. ಮರುವರ್ಷ ಮಳೆ ಸಮೃದ್ಧ ಎನ್ನುವಷ್ಟರಲ್ಲಿ, 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟು ಕೊಚ್ಚಿಹೋಯಿತು. ಒಂದು ವರ್ಷ ಮಳೆ ಕೈಕೊಟ್ಟರೆ ಇನ್ನೊಂದು ವರ್ಷ ಕಬ್ಬಿಣ ಕೈಕೊಡುತ್ತದೆ. ಆದ್ದರಿಂದ ನಿಮ್ಮ ಯೋಜನೆಯಲ್ಲಿ ಎರಡು ತಾರೀಖುಪಟ್ಟಿಗಳಿರಲಿ: ಎರಡನೇ ಬೆಳೆಗೆ ನೀರಿರುವ ವರ್ಷದ್ದು ಒಂದು, ಇಲ್ಲದ ವರ್ಷದ್ದು ಒಂದು. ಸಮಿತಿಯ ತೀರ್ಮಾನ ಬಂದ ದಿನ ಯಾವುದನ್ನು ಮುಂದೆ ಎಳೆಯಬೇಕೆಂದು ಗೊತ್ತಿರುತ್ತದೆ. ಅದಕ್ಕಿಂತ ಮುಂಚೆಯೇ, ‘ನಮ್ಮ ಪಟ್ಟಣಕ್ಕೆ ಇಷ್ಟು ನೀರು, ಇಷ್ಟು ದಿನಗಳ ಸರದಿ ಬೇಕು’ ಎಂದು ಅಂಕಿಯೊಂದಿಗೆ ಜಿಲ್ಲಾಧಿಕಾರಿಗಳಿಗೂ ಕಾಲುವೆ ವಿಭಾಗದ ಕಾರ್ಯಪಾಲಕ ಅಭಿಯಂತರರಿಗೂ ಪತ್ರ ಹೋಗಿರಬೇಕು. ‘ಸಾಕಷ್ಟು ನೀರು ಬಿಡುವಂತೆ ಕೋರಿದೆ’ ಎಂಬ ಪತ್ರವನ್ನು ಯಾರೂ ಓದುವುದಿಲ್ಲ. 45 ಕೋಟಿ ಲೀಟರ್ ಎಂದು ಬರೆದದ್ದನ್ನು ಓದುತ್ತಾರೆ.

ಕೆರೆ ಆಯಿತು, ಊರೊಳಕ್ಕೆ ಬನ್ನಿ. ಇಲ್ಲಿ ನಿಮಗೆ ಬೇಕಾದ ದಾಖಲೆ ಕಚೇರಿಯ ಬೀರುವಿನಲ್ಲಿಲ್ಲ, ವಾಲ್ವ್‌ಮನ್‌ಗಳ ಜೇಬಿನಲ್ಲಿದೆ. ನಾನು ಕೆಲಸ ಮಾಡಿದ ಒಂದು ಊರಿನಲ್ಲಿ ನಿವೃತ್ತಿಗೆ ಎರಡು ವರ್ಷವಿದ್ದ ಒಬ್ಬ ವಾಲ್ವ್‌ಮನ್ ಇದ್ದರು. ಬೆಳಗಿನ ಜಾವ ನಾಲ್ಕೂವರೆಗೆ ಅವರ ಜೊತೆ ಹೊರಟೆ. ಸಂತೆ ಮೈದಾನದ ಮೂಲೆಯಲ್ಲಿ ಚೇಂಬರಿನ ಚಪ್ಪಡಿ ಸರಿಸಿ, ಟಿ ಆಕಾರದ ಕಬ್ಬಿಣದ ಕೀಲಿ ಇಳಿಸಿ, ತಿರುಗಿಸುತ್ತ ಬಾಯಲ್ಲೇ ಎಣಿಸಿದರು. ಹದಿಮೂರಕ್ಕೆ ನಿಂತರು. ‘ಇದು ಹದಿನೇಳು ಸುತ್ತಿನ ವಾಲ್ವು ಸಾರ್. ಎರಡು ವರ್ಷದಿಂದ ಹದಿಮೂರಕ್ಕೇ ಕಚ್ಚಿಕೊಳ್ಳುತ್ತದೆ. ಮಿಕ್ಕ ನಾಲ್ಕು ಸುತ್ತಿನ ನೀರು ಇಡೀ ರಾತ್ರಿ ಕೆಳಗಿನ ಓಣಿಗೆ ಹೋಗುತ್ತದೆ.’ ಆ ಕೆಳಗಿನ ಓಣಿಯವರು ಎಂದೂ ದೂರು ಕೊಟ್ಟವರಲ್ಲ, ಹೇಗೆ ಕೊಟ್ಟಾರು! ಮೇಲಿನ ಓಣಿಯವರು ವಾರಕ್ಕೊಮ್ಮೆ ಖಾಲಿ ಕೊಡ ಹಿಡಿದು ಕಚೇರಿ ಮುಂದೆ ಕೂರುತ್ತಿದ್ದರು. ನಾವು ಮೇಲಿನ ಓಣಿಗೆ ಹೊಸ ಕೊಳವೆಬಾವಿ ಕೊರೆಸುವ ಪ್ರಸ್ತಾವ ಬರೆದು ಕೂತಿದ್ದೆವು. ಬೇಕಾಗಿದ್ದದ್ದು ಒಂದು ವಾಲ್ವು.

ನಿಮ್ಮ ವಾಲ್ವ್‌ಮನ್‌ಗಳನ್ನೂ ಪಂಪ್ ಆಪರೇಟರುಗಳನ್ನೂ ಒಂದು ಮಧ್ಯಾಹ್ನ ಕೂರಿಸಿ, ಚಹಾ ತರಿಸಿ, ಮೂರೇ ಪ್ರಶ್ನೆ ಕೇಳಿ. ಹೋದ ವರ್ಷ ಯಾವ ಮೋಟಾರು ಎಷ್ಟು ಸಲ ಸುಟ್ಟಿತು? ಯಾವ ಜಾಗದಲ್ಲಿ ಪೈಪು ಮತ್ತೆ ಮತ್ತೆ ಒಡೆಯಿತು? ಯಾವ ವಾಲ್ವು ಪೂರ್ತಿ ಮುಚ್ಚುವುದಿಲ್ಲ? ಉತ್ತರಗಳನ್ನು ಊರಿನ ನಕ್ಷೆಯ ಮೇಲೆ ಕೆಂಪು ಚುಕ್ಕೆಯಾಗಿ ಇಡಿ. ಆಮೇಲೆ ಲೆಕ್ಕ ಶಾಖೆಯಿಂದ ವರ್ಷದ ದುರಸ್ತಿ ಬಿಲ್ಲುಗಳನ್ನು ತರಿಸಿ ಹೋಲಿಸಿ. ಎರಡೂ ಒಂದೇ ಕಥೆ ಹೇಳಿದರೆ ಒಳ್ಳೆಯದು. ಬಿಲ್ಲಿನಲ್ಲಿರುವ ದುರಸ್ತಿ ನಕ್ಷೆಯಲ್ಲಿ ಇಲ್ಲದಿದ್ದರೆ ಅದು ಬೇರೆಯೇ ಕಥೆ; ಈಗ ಅದರ ಗೋಜಿಗೆ ಹೋಗಬೇಡಿ, ತಿಳಿದಿಟ್ಟುಕೊಳ್ಳಿ. ಚುಕ್ಕೆಗಳು ಗುಂಪಾಗಿ ಬಿದ್ದ ಜಾಗಗಳೇ ನಿಮ್ಮ ಕಾಮಗಾರಿ ಪಟ್ಟಿ. ಒಂದೇ ಬೀದಿಯಲ್ಲಿ ವರ್ಷಕ್ಕೆ ಆರು ಸಲ ಪೈಪು ಒಡೆದಿದ್ದರೆ ಏಳನೆಯ ಸಲ ಕಪ್ಲಿಂಗ್ ಹಾಕುವುದು ದಂಡ. ಆ ಬೀದಿಯ ಪೈಪನ್ನೇ ಬದಲಿಸಿ.

ಸೋರಿಕೆ ಎಷ್ಟು ಎಂದು ತಿಳಿಯಲು ದೊಡ್ಡ ಸಲಹಾ ಸಂಸ್ಥೆ ಬೇಕಾಗಿಲ್ಲ. ಒಂದು ರಾತ್ರಿ ಮೇಲ್ತೊಟ್ಟಿ ತುಂಬಿಸಿ, ಒಳಬರುವ ನೀರನ್ನು ನಿಲ್ಲಿಸಿ, ತೊಟ್ಟಿಯ ಬುಡದ ವಾಲ್ವನ್ನು ತೆರೆದೇ ಇಟ್ಟು, ಬೀದಿಗಳಿಗೆ ಬಿಡುವ ವಾಲ್ವುಗಳನ್ನೆಲ್ಲ ಮುಚ್ಚಿಸಿ. ರಾತ್ರಿ ಹತ್ತಕ್ಕೆ ಒಂದು ಸಲ, ಬೆಳಗಿನ ಜಾವ ನಾಲ್ಕಕ್ಕೆ ಒಂದು ಸಲ ಮಟ್ಟ ಅಳೆಯಿರಿ. 12 ಮೀಟರ್ ವ್ಯಾಸದ ತೊಟ್ಟಿಯಲ್ಲಿ ನೀರು 10 ಸೆಂ.ಮೀ. ಇಳಿದರೆ 11,300 ಲೀಟರ್ ಹೋಯಿತೆಂದು ಅರ್ಥ. ಯಾರೂ ನಲ್ಲಿ ತಿರುಗಿಸದ ಹೊತ್ತಿನಲ್ಲಿ ಹೋದದ್ದು! ತೊಟ್ಟಿ ತೊಟ್ಟಿಗೂ ಹೀಗೆ ಮಾಡಿದರೆ ಯಾವ ವಲಯವನ್ನು ಮೊದಲು ಅಗೆಯಬೇಕೆಂದು ಸದಸ್ಯರ ಮುಂದೆ ಎದೆಯುಬ್ಬಿಸಿ ಹೇಳಬಹುದು.

ಕೊಳವೆಬಾವಿಗಳ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ: ಮಳೆಗಾಲ ಮುಗಿದಾಗಿನ ಇಳುವರಿಯನ್ನು ವರ್ಷಪೂರ್ತಿಗೆ ಹಿಡಿಯುವುದು. 200 ಲೀಟರಿನ ಡ್ರಮ್ಮನ್ನು ಡೆಲಿವರಿ ಪೈಪಿನ ಕೆಳಗಿಟ್ಟು ಮೊಬೈಲಿನಲ್ಲಿ ಸಮಯ ನೋಡಿ. ಅಕ್ಟೋಬರಿನಲ್ಲಿ 80 ಸೆಕೆಂಡಿಗೆ ತುಂಬಿದ ಡ್ರಮ್ಮು, ಅಂದರೆ ಗಂಟೆಗೆ 9,000 ಲೀಟರ್, ಏಪ್ರಿಲಿನಲ್ಲಿ 200 ಸೆಕೆಂಡು ತೆಗೆದುಕೊಂಡರೆ ಸಿಗುವುದು ಗಂಟೆಗೆ 3,600 ಮಾತ್ರ. 18 ಬಾವಿ, ದಿನಕ್ಕೆ ಎಂಟು ಗಂಟೆ: ಅಕ್ಟೋಬರಿನಲ್ಲಿ 13 ಲಕ್ಷ ಲೀಟರಿಗೆ ಸ್ವಲ್ಪ ಕಡಿಮೆ, ಏಪ್ರಿಲಿನಲ್ಲಿ 5 ಲಕ್ಷದ ಆಸುಪಾಸು. ನಿಮಗೆ ಬೇಕಾದ 10 ಲಕ್ಷಕ್ಕೆ ಉಳಿದ 5 ಲಕ್ಷವನ್ನು 5,000 ಲೀಟರಿನ ಟ್ಯಾಂಕರಿನಲ್ಲಿ ತರುವುದೆಂದರೆ ದಿನಕ್ಕೆ ನೂರು ಲೋಡು. ಇದು ಯೋಜನೆಯಲ್ಲಿ ಮೊದಲೇ ಬರೆದಿದ್ದರೆ ಟ್ಯಾಂಕರ್ ದರ ಗುತ್ತಿಗೆಯನ್ನು ಫೆಬ್ರವರಿಯಲ್ಲೇ ಮಾಡಿಕೊಳ್ಳುತ್ತೀರಿ. ಬರೆಯದಿದ್ದರೆ ಏಪ್ರಿಲಿನಲ್ಲಿ ಸಿಕ್ಕಿದವರಿಗೆ ಸಿಕ್ಕಿದ ದರ, ಅದರ ಹಿಂದೆ ಲೆಕ್ಕಪರಿಶೋಧನೆಯ ಆಕ್ಷೇಪಣೆ. ನಿಮ್ಮ ಭಾಗದಲ್ಲಿ ಫ್ಲೋರೈಡ್ ಕಾಟವೂ ಇರುವುದರಿಂದ ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಬಾವಿಗಳನ್ನು ‘ಕುಡಿಯಲು ಅಲ್ಲ, ಬಳಕೆಗೆ’ ಎಂದು ಪಟ್ಟಿಯಲ್ಲೇ ಬೇರ್ಪಡಿಸಿ. ಆ ನೀರು ತುಂಬುವ ಬೀದಿಯ ಸಿಸ್ಟನ್ನಿನ (ಸಣ್ಣ ತೊಟ್ಟಿ) ಮೇಲೆಯೂ ಹಾಗೆಂದು ಬರೆಸಿ.

ಸಾಮಗ್ರಿಯ ಲೆಕ್ಕಕ್ಕೆ ಬ್ಲೀಚಿಂಗ್ ಪೌಡರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಗ್ಯಾಸ್ ಕ್ಲೋರಿನೇಟರ್ ಇಲ್ಲದೆ ಪೌಡರನ್ನೇ ನಂಬಿದ್ದೀರಿ ಎಂದಿಟ್ಟುಕೊಳ್ಳಿ. 40 ಲಕ್ಷ ಲೀಟರ್ ನೀರಿಗೆ, ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಎಂದರೆ ದಿನಕ್ಕೆ 8 ಕಿಲೋ ಕ್ಲೋರಿನ್. ಹೊಸ ಚೀಲದಲ್ಲಿ ಶೇ. 33ರ ಆಸುಪಾಸು ಇರಬೇಕಾದ ಕ್ಲೋರಿನ್ ಗೋದಾಮಿನ ಸೆಕೆಗೆ ಇಳಿದು ಶೇ. 25 ಆಗಿದೆ ಎಂದು ಹಿಡಿದರೆ ದಿನಕ್ಕೆ 32 ಕಿಲೋ ಪೌಡರ್, ವರ್ಷಕ್ಕೆ ಹನ್ನೆರಡು ಟನ್ನಿಗೆ ಹತ್ತಿರ. ಲೆಕ್ಕ ಸರಿ. ಆದರೆ ಹನ್ನೆರಡು ಟನ್ನನ್ನು ಒಂದೇ ಸಲ ತರಿಸಿದರೆ ಆರನೆಯ ತಿಂಗಳಿಗೆ ನೀವು ನೀರಿಗೆ ಸುರಿಯುವುದು ಸುಣ್ಣದ ಪುಡಿ. ಹಾಗಾಗಿ ವರ್ಷದ ದರಕ್ಕೆ ಟೆಂಡರ್, ಸರಬರಾಜು ಮೂರು ತಿಂಗಳಿಗೊಮ್ಮೆ ಎಂದು ಷರತ್ತು ಹಾಕಿ, ಬಂದ ಪ್ರತಿ ಸರಕಿನ ಮಾದರಿಯನ್ನು ಪರೀಕ್ಷೆಗೆ ಕಳಿಸಿ. ನಲ್ಲಿಯ ಕೊನೆಯಲ್ಲಿ ಉಳಿಕೆ ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂ ಕಡ್ಡಾಯ ಇರಬೇಕು. ಪರೀಕ್ಷೆ ಮಾಡುವ ಜಾಗಗಳನ್ನು ಊರಿನ ತುದಿಯ, ಚರಂಡಿಯ ಪಕ್ಕದ, ತಗ್ಗಿನ ಮನೆಗಳಲ್ಲಿ ಗೊತ್ತು ಮಾಡಿ. ತೊಟ್ಟಿಯ ಬುಡದ ನಲ್ಲಿಯಲ್ಲಿ ಪರೀಕ್ಷಿಸಿದರೆ ಯಾವಾಗಲೂ ಉತ್ತೀರ್ಣ. 2023ರ ಆಗಸ್ಟ್ ಆರಂಭದಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರಿಗೆ ಜೀವಗಳು ಹೋದದ್ದು ನಿಮಗೆ ನೆನಪಿರಬಹುದು. ಚರಂಡಿಯೊಳಗೆ ಹಾದು ಹೋಗುವ ಮನೆ ಸಂಪರ್ಕದ ಪೈಪುಗಳನ್ನು ಮೊದಲ ಮಳೆಗೆ ಮುಂಚೆ ಎತ್ತಿ ಹಾಕಿಸುವುದು ನಿಮ್ಮ ಮೇ ತಿಂಗಳ ಕೆಲಸ. ಸಣ್ಣ ಕೆಲಸ, ಫೋಟೋಗೂ ಬರುವುದಿಲ್ಲ, ಉದ್ಘಾಟನೆಗಂತೂ ಅಲ್ಲವೇ ಅಲ್ಲ. ನನ್ನ ಪ್ರಕಾರ ಇಡೀ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಇರಬೇಕಾದದ್ದು ಅದೇ.

ವಿದ್ಯುತ್ ಬಿಲ್ಲನ್ನು ನೋಡಿಯೂ ನೋಡದಂತೆ ಬಿಡಬೇಡಿ. 10 ಅಶ್ವಶಕ್ತಿಯ ಒಂದು ಮೋಟಾರು ಎಂಟು ಗಂಟೆ ಓಡಿದರೆ ಹೆಚ್ಚು ಕಡಿಮೆ 60 ಯೂನಿಟ್. 18 ಬಾವಿಗೆ ವರ್ಷಕ್ಕೆ ನಾಲ್ಕು ಲಕ್ಷ ಯೂನಿಟ್ ಹತ್ತಿರ. ಹನ್ನೆರಡು ತಿಂಗಳ ಬಿಲ್ಲುಗಳನ್ನು ಹರಡಿಕೊಂಡು ಪವರ್ ಫ್ಯಾಕ್ಟರ್ (ಎಳೆದ ವಿದ್ಯುತ್ತಿನಲ್ಲಿ ಕೆಲಸಕ್ಕೆ ಬಂದ ಪಾಲು) ಕಡಿಮೆಯಾದದ್ದಕ್ಕೆ ಹಾಕಿದ ದಂಡದ ಕಾಲಮ್ಮನ್ನು ಮಾತ್ರ ಕೂಡಿ ನೋಡಿ. ಅದನ್ನು ಸರಿಪಡಿಸುವ ಕೆಪಾಸಿಟರ್ ಹಾಕಿಸುವ ಪ್ರಸ್ತಾವಕ್ಕೆ ಬೇರೆ ಸಮರ್ಥನೆ ಬೇಕಾಗುವುದಿಲ್ಲ. ಒಣಗಿಹೋದ ಬಾವಿಯ ಮೀಟರಿಗೂ ತಿಂಗಳು ತಿಂಗಳು ನಿಗದಿತ ಶುಲ್ಕ ಕಟ್ಟುತ್ತಿದ್ದೀರಾ ಎಂದು ನೋಡಿ. ಬಹುತೇಕ ಊರುಗಳಲ್ಲಿ ಒಂದೆರಡಾದರೂ ಸಿಗುತ್ತವೆ.

ಈಗ ದಿನಗಳ ಲೆಕ್ಕ. ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಆಡಳಿತಾತ್ಮಕ ಅನುಮೋದನೆ, ಟೆಂಡರ್ ಪ್ರಕಟಣೆ, ತೆರೆಯುವುದು, ದರ ಒಪ್ಪಿಗೆ, ಕರಾರು, ಕಾರ್ಯಾದೇಶ: ನನ್ನ ಅನುಭವದಲ್ಲಿ ಏನೂ ಅಡ್ಡಿ ಬಾರದಿದ್ದರೂ ನಾಲ್ಕು ತಿಂಗಳು. ಅಡ್ಡಿ ಬಾರದ ವರ್ಷ ನಾನು ನೋಡಿಲ್ಲ. ಒಂದೇ ಟೆಂಡರ್ ಬಂತು ಎಂದು ಮರು ಟೆಂಡರ್ ಆಗುತ್ತದೆ. ಚುನಾವಣೆ ಘೋಷಣೆಯಾಗಿ ನೀತಿಸಂಹಿತೆ ಬರುತ್ತದೆ. ಅಧ್ಯಕ್ಷ ಸ್ಥಾನದ ಮೀಸಲಾತಿ ನ್ಯಾಯಾಲಯಕ್ಕೆ ಹೋಗಿ ಸಾಮಾನ್ಯ ಸಭೆಯೇ ನಡೆಯುವುದಿಲ್ಲ, ಆಗ ಆಡಳಿತಾಧಿಕಾರಿಗಳ ಸಹಿಗೆ ಉಪವಿಭಾಗದ ಕಚೇರಿಗೆ ಕಡತ ಹೊತ್ತುಕೊಂಡು ತಿರುಗಬೇಕು. ಹೀಗಾಗಿ ಪ್ರತಿ ಕೆಲಸದ ಎದುರಿಗೆ ‘ಮುಗಿಯಬೇಕಾದ ದಿನ’ದ ಜೊತೆಗೆ ‘ಅಂದಾಜು ಪಟ್ಟಿ ನನ್ನ ಮೇಜಿನಿಂದ ಹೊರಡಬೇಕಾದ ದಿನ’ ಎಂಬ ಕಾಲಮ್ಮು ಇರಲಿ. ನಾನು ಆ ಎರಡನೆಯದನ್ನು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದೆ. ಮುಂದಿನ ಬೇಸಿಗೆಯ ಖರೀದಿಗಳಿಗೆ ಆ ದಿನ ಸೆಪ್ಟೆಂಬರಿನಲ್ಲಿ ಬರುತ್ತದೆ; ಅಂದರೆ ಈ ಸಲಕ್ಕೆ ಆಗಲೇ ದಾಟಿಹೋಗಿದೆ. ಗಾಬರಿಯಾಗಿ ಒಂದೇ ಖರೀದಿಯನ್ನು ನಾಲ್ಕು ತುಂಡು ಮಾಡಿ ಟೆಂಡರ್ ಇಲ್ಲದೆ ತರುವ ದಾರಿಯನ್ನು ಯಾರಾದರೂ ತೋರಿಸುತ್ತಾರೆ. ಹೋಗಬೇಡಿ. ಸರ್ಕಾರಿ ಖರೀದಿಗಳ 1999ರ ಪಾರದರ್ಶಕ ಅಧಿನಿಯಮದ ಕೆಳಗೆ ತುಂಡು ಗುತ್ತಿಗೆಗೆ ಬಿದ್ದ ಆಕ್ಷೇಪಣೆ ನಿವೃತ್ತಿಯ ದಿನದ ತನಕ ಬೆನ್ನು ಬಿಡುವುದಿಲ್ಲ. ಅತಿ ಅಗತ್ಯದ ಎರಡು ಬದಲಿ ಮೋಟಾರು, ಪ್ಯಾನೆಲ್ ಬೋರ್ಡು, ಕೇಬಲ್ ಇಷ್ಟನ್ನೇ ಒಂದು ಟೆಂಡರಾಗಿ ಮಾಡಿ ಈ ವಾರವೇ ಹೊರಡಿಸಿ.

ದುಡ್ಡಿನ ಭಾಗ ಕೊನೆಗೆ, ಮತ್ತು ಚಿಕ್ಕದಾಗಿ. ಪ್ರತಿ ಕೆಲಸಕ್ಕೂ ಅದಕ್ಕೆ ಒಪ್ಪುವ ಶೀರ್ಷಿಕೆ ಹುಡುಕಿ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ, 2021-22ರಿಂದ 2025-26ರ ಅವಧಿಗೆ, ನಿಮ್ಮಂಥ ಪಟ್ಟಣಗಳಿಗೆ ಶೇ. 60 ನಿರ್ಬಂಧಿತವಾಗಿತ್ತು, ಅಂದರೆ ಗೊತ್ತುಮಾಡಿದ ಕೆಲಸಕ್ಕೇ ಖರ್ಚಾಗಬೇಕಿತ್ತು: ಅರ್ಧ ಕುಡಿಯುವ ನೀರು ಮತ್ತು ಮಳೆ ನೀರು ಸಂಗ್ರಹಕ್ಕೆ, ಅರ್ಧ ನೈರ್ಮಲ್ಯಕ್ಕೆ. ಅದರಾಚೆಯ ವರ್ಷಕ್ಕೆ ಪಟ್ಟಿ ಮಾಡುವುದಾದರೆ ಮುಂದಿನ ಆಯೋಗದ ಮಾರ್ಗಸೂಚಿಯನ್ನು ಕೈಯಲ್ಲಿ ಹಿಡಿದುಕೊಂಡೇ ಮಾಡಿ, ಹಳೆಯ ಪಟ್ಟಿಯ ನಕಲಿನಿಂದಲ್ಲ. ಪುರಸಭಾ ನಿಧಿ ಮತ್ತು ಎಸ್‌ಎಫ್‌ಸಿ ಮುಕ್ತನಿಧಿಯಲ್ಲಿ ಪರಿಶಿಷ್ಟ ಜಾತಿ, ಪಂಗಡಗಳಿಗೆ ಶೇ. 24.10, ಇತರ ಬಡವರಿಗೆ ಶೇ. 7.25, ವಿಕಲಚೇತನರಿಗೆ ಶೇ. 5 ಎಂದು ತೆಗೆದಿಡುವ ಹಣವನ್ನು ಮಾರ್ಚ್ ಕೊನೆಗೆ ಹೇಗೋ ಖರ್ಚು ಮಾಡುವ ಬದಲು ಈಗಲೇ ಕೆಂಪು ಚುಕ್ಕೆಯ ನಕ್ಷೆ ಹರಡಿ ಆ ಕಾಲೊನಿಗಳ ಪೈಪು, ಮನೆ ಸಂಪರ್ಕಗಳಿಗೆ ಹೊಂದಿಸಿ. ಹೊಸ ಕೆರೆ, ಹೊಸ ಶುದ್ಧೀಕರಣ ಘಟಕದಂಥ ದೊಡ್ಡ ಕೆಲಸ ಪುರಸಭೆಯ ವಾರ್ಷಿಕ ಯೋಜನೆಗೆ ದಕ್ಕುವುದಲ್ಲ. ಅದಕ್ಕೆ ನಗರ ನೀರು ಸರಬರಾಜು ಮಂಡಳಿ, ಅಮೃತ್ 2.0ರಂಥ ಕೇಂದ್ರ ಯೋಜನೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗಳ ಬಾಗಿಲು. ನಿಮ್ಮ ಪಾಲಿನ ಕೆಲಸ ಪ್ರಸ್ತಾವಕ್ಕೆ ಬೇಕಾದ ಅಳತೆಗಳನ್ನು ಸಿದ್ಧವಿಡುವುದು. ಇನ್ನು ಹೊಸ ಸಾಲು ಬರೆಯುವ ಮೊದಲು ಹೋದ ವರ್ಷದ ಮುಂದುವರಿದ ಕಾಮಗಾರಿಗಳನ್ನೂ ಬಾಕಿ ಬಿಲ್ಲುಗಳನ್ನೂ ಮೇಲೆ ಬರೆಯಿರಿ. ಅವನ್ನು ಕಳೆದ ಮೇಲೆ ಉಳಿಯುವುದೇ ನಿಜವಾದ ಆಯವ್ಯಯ. ಹಳೆಯ ಬಿಲ್ಲು ಸಿಗದ ಗುತ್ತಿಗೆದಾರ ಮೇ ತಿಂಗಳಲ್ಲಿ ನಿಮ್ಮ ಫೋನ್ ಎತ್ತುವುದಿಲ್ಲ.

ಸದಸ್ಯರ ವಿಷಯಕ್ಕೆ ಬರೋಣ. ನೀವು ಕೇಳಿಲ್ಲ, ಆದರೆ ನಿಮ್ಮ ಪ್ರಶ್ನೆಯ ಹಿಂದೆ ಆ ಅಂಜಿಕೆ ಕಾಣುತ್ತದೆ. 23 ಸದಸ್ಯರಿದ್ದರೆ ಬಂದ ದುಡ್ಡನ್ನು 23ರಿಂದ ಭಾಗಿಸುವ ಒತ್ತಡ ಬಂದೇ ಬರುತ್ತದೆ. ಅವರ ಮೇಲೆ ಸಿಟ್ಟಾಗಬೇಡಿ. ಬೆಳಗ್ಗೆ ಮನೆ ಬಾಗಿಲು ತಟ್ಟಿಸಿಕೊಳ್ಳುವವರು ಅವರು, ನೀವಲ್ಲ. ಆದರೆ ವಾಲ್ವು, ಮೋಟಾರು, ಮುಖ್ಯ ಕೊಳವೆಗಳಿಗೆ ವಾರ್ಡಿನ ಗಡಿ ಇಲ್ಲ. 7ನೇ ವಾರ್ಡಿನ ವಾಲ್ವು ಸರಿಯಾದರೆ ನೀರು ಬರುವುದು 15ನೇ ವಾರ್ಡಿಗೆ. ಸಭೆಗೆ ಮೊದಲು ನಕ್ಷೆಯನ್ನು ಸಭಾಂಗಣದ ಗೋಡೆಗೆ ಅಂಟಿಸಿ, ಬಂದವರಿಗೆಲ್ಲ ಅವರವರ ವಾರ್ಡಿನ ಚುಕ್ಕೆ ತೋರಿಸಿ. ಆಯವ್ಯಯದ ಪೂರ್ವಭಾವಿ ಸಾರ್ವಜನಿಕ ಸಭೆಗೂ ಅದೇ ನಕ್ಷೆ ಹೋಗಲಿ. ಸಾಮಾನ್ಯ ಕೆಲಸಗಳಿಗೆ ಮುಕ್ಕಾಲು ಪಾಲು, ವಾರ್ಡ್‌ವಾರು ಬೇಡಿಕೆಗಳಿಗೆ ಕಾಲು ಪಾಲು ಎಂದು ಮೊದಲೇ ಅಧ್ಯಕ್ಷರೊಂದಿಗೆ ಮಾತಾಡಿಕೊಂಡರೆ ಸಭೆ ಸಲೀಸು. ಇದು ನಿಯಮವಲ್ಲ, ನಾನು ಕಂಡುಕೊಂಡ ಹದ. ನಿಮ್ಮ ಊರಿನದು ಬೇರೆ ಇರಬಹುದು.

ಗುರಿಗಳನ್ನು ಬರೆಯುವಾಗ ಕೈ ಬಿಗಿಯಿರಲಿ. ಕೇಂದ್ರ ನಗರಾಭಿವೃದ್ಧಿ ಸಚಿವಾಲಯ 2008ರಲ್ಲಿ ಕೊಟ್ಟ ಸೇವಾಮಟ್ಟದ ಮಾನದಂಡಗಳಲ್ಲಿ ದಿನಕ್ಕೆ ತಲಾ 135 ಲೀಟರ್, ದಿನದ 24 ಗಂಟೆ ನೀರು, ಬಿಲ್ಲಿಗೆ ಸಿಗದ ನೀರು ಶೇ. 20ಕ್ಕಿಂತ ಹೆಚ್ಚಿರಬಾರದು, ದೂರುಗಳಲ್ಲಿ ಶೇ. 80 ಸಕಾಲಕ್ಕೆ ಪರಿಹಾರ ಎಂದೆಲ್ಲ ಇದೆ. ನಾಲ್ಕು ದಿನಕ್ಕೊಮ್ಮೆ ನೀರು ಬಿಡುವ ಊರಿನ ಯೋಜನೆಯಲ್ಲಿ 24 ಗಂಟೆ ಎಂದು ಬರೆದರೆ ನಗೆಪಾಟಲು. ‘ನಾಲ್ಕು ದಿನಕ್ಕೊಮ್ಮೆ ಬರುತ್ತಿದ್ದ 9, 10, 11ನೇ ವಾರ್ಡುಗಳಿಗೆ ಮೂರು ದಿನಕ್ಕೊಮ್ಮೆ, ಬರುವ ಹೊತ್ತು ಹಿಂದಿನ ದಿನವೇ ತಿಳಿಸಿ’ ಎಂದು ಬರೆಯಿರಿ. ಆಗಿದೆಯೋ ಇಲ್ಲವೋ ಎಂದು ಯಾವ ಗೃಹಿಣಿಯಾದರೂ ಹೇಳಬಲ್ಲಳು. ದೂರುಗಳ ಶೇ. 80ರ ಗುರಿಯನ್ನು ಮಾತ್ರ ಇದ್ದಂತೆ ತೆಗೆದುಕೊಳ್ಳಿ, ಅದು ದುಡ್ಡು ಕೇಳುವುದಿಲ್ಲ.

ಸಿಬ್ಬಂದಿಯ ರಜೆ, ಹೊರಗುತ್ತಿಗೆಯವರ ಅವಧಿ ಮುಗಿಯುವ ದಿನ, ಪಿಎಫ್, ಇಎಸ್‌ಐ ಕಂತು ಇವೂ ಒಂದು ಪುಟವಾಗಿ ಯೋಜನೆಯಲ್ಲಿರಲಿ. ಹೊರಗುತ್ತಿಗೆ ಕರಾರು ಮಾರ್ಚ್ 31ಕ್ಕೆ ಮುಗಿದು ಏಪ್ರಿಲಿನಲ್ಲಿ ಪಂಪ್ ಆಪರೇಟರುಗಳು ಸಂಬಳವಿಲ್ಲದೆ ಧರಣಿ ಕೂರುವುದು, ಅದೂ ಕಾಲುವೆ ನಿಂತ ವಾರ, ಹೊಸ ವಿಷಯವೇನಲ್ಲ.

ಕೊನೆಗೆ ಯೋಜನೆಯ ಆಕಾರ. ಮುಖ್ಯಾಧಿಕಾರಿಗಳಿಗೆ ಕೊಡುವ ಪ್ರತಿ ಹತ್ತು ಪುಟ ಇರಲಿ, ಲಗತ್ತು ಎಷ್ಟಾದರೂ ಇರಲಿ. ನಿಮ್ಮ ಮೇಜಿನ ಗಾಜಿನ ಕೆಳಗೆ ಇರುವುದು ಒಂದೇ ಹಾಳೆ: ತಿಂಗಳು, ಕೆಲಸ, ಯಾರು, ಕೆಂಪು ಶಾಯಿಯ ದಿನ, ಮುಗಿಯುವ ದಿನ. ಪ್ರತಿ ತಿಂಗಳ ಮೊದಲ ಸೋಮವಾರ ವಾಲ್ವ್‌ಮನ್‌ಗಳನ್ನೂ ಕೂರಿಸಿಕೊಂಡು ಅದನ್ನು ಓದಿ, ದಾಟಿದ ದಿನಗಳನ್ನು ಒರೆಸದೆ ಪಕ್ಕಕ್ಕೆ ಹೊಸ ದಿನ ಬರೆಯಿರಿ. ವರ್ಷದ ಕೊನೆಗೆ ಆ ಹೊಡೆದುಹಾಕಿದ ದಿನಾಂಕಗಳೇ ಮುಂದಿನ ಯೋಜನೆಗೆ ಕಚ್ಚಾ ಸಾಮಗ್ರಿ. ಡಿಸೆಂಬರಿಗೆ ಇನ್ನೂ ಸಮಯವಿದೆ. ನಾಳೆ ಬೆಳಗ್ಗೆ ಮೊದಲ ಕೆಲಸವಾಗಿ ಕೆರೆಗೆ ಹೋಗಿ ಗೇಜ್ ಕಲ್ಲನ್ನು ಓದಿ. ಪಾಚಿ ಕಟ್ಟಿ ಅಂಕಿ ಕಾಣದಿದ್ದರೆ ಜೊತೆಗೆ ಒಂದು ಡಬ್ಬಿ ಬಿಳಿ ಬಣ್ಣ, ಒಂದು ಕುಂಚ ತೆಗೆದುಕೊಂಡು ಹೋಗಿ.